ಗಾಳಿ ಎಲ್ಲಿಂದ ಹೋಗುತ್ತಿದೆ

ನಲವತ್ತೊಂದು ವರ್ಷ ಆಪಿಂಗೆಡಾಮಿನ ಕಾಲುವೆ ಬದಿಯಲ್ಲಿ
ಸೈಕಲ್ ಟ್ಯೂಬುಗಳನ್ನು ನೀರಲ್ಲಿ ಮುಳುಗಿಸಿ
ತೂತು ಹಿಡಿದವನು ನಾನು.
ಸಾಸಿವೆಯಷ್ಟು ಗುಳ್ಳೆ ಎದ್ದರೂ ಸಾಕು,
ಹೆಬ್ಬೆರಳು ತಾನೇ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು.

ಈಗ ರಾತ್ರಿ ಎರಡೂಕಾಲು.
ನನ್ನ ಮುಖದಿಂದಲೇ ಗಾಳಿ ಹೋಗುತ್ತಿದೆ.
ಎಲ್ಲಿಂದ ಅಂತ ತಿಳಿಯುತ್ತಿಲ್ಲ.

ಮುಖವನ್ನು ಬಕೆಟ್ಟಿನಲ್ಲಿ ಮುಳುಗಿಸಿ ನೋಡುವ ಹಾಗಿಲ್ಲವಲ್ಲ.

ಮೂಗಿನ ಎಡಕ್ಕೊಂದು ಸೀಟಿ.
ಅಲ್ಲಿ ಒತ್ತಿದರೆ ಬಲಗಣ್ಣಿಗೆ ಗಾಳಿ.
ಅದನ್ನೂ ಒತ್ತಿದರೆ ಗಲ್ಲದಡಿಯಿಂದ
ಬುರ್ರ್ ಎಂದು ಕುದುರೆ ತುಟಿ ಅದುರಿಸುವ ಸದ್ದು.
ಆ ಕಡೆ ಹೊರಳಿದ ಫ್ರೌಕೆ ಹೇಳುತ್ತಾಳೆ:
"ಕತ್ತಿಗೆ ಸಮುದ್ರದ ಗಾಳಿ ಬೀಸ್ತಿದೆ, ವುಬ್ಬೊ.
ಕಿಟಕಿ ಮುಚ್ಚು."
ಕಿಟಕಿ ನಾನೇ.

ಮೂಗಿನ ಮೇಲೊಂದು ಹಳೆಯ ತಿರುವಿದೆ.
ಹದಿನಾಲ್ಕರಲ್ಲಿ, ಹೆಪ್ಪುಗಟ್ಟಿದ ಕಾಲುವೆಯ ಮೇಲೆ
ರೈಂಡರನ ಜೊತೆ ಪಂದ್ಯ ಕಟ್ಟಿ ಜಾರುತ್ತ
ಸೇತುವೆಯ ಕಂಬಕ್ಕೆ ಕೊಟ್ಟ ಮುತ್ತು.
ಗೆದ್ದದ್ದು ಯಾರೋ ನೆನಪಿಲ್ಲ.
ಈ ಮಾಸ್ಕು ಮಾಡಿದವರು ಆ ಸೇತುವೆ ನೋಡಿಲ್ಲ;
ನೆಟ್ಟಗಿನ ಮೂಗಿನವರ ಲೆಕ್ಕ ಹಾಕಿದ್ದಾರೆ.

ಮೊದಲ ತಿಂಗಳು ಮಾಡಿದ್ದೆಲ್ಲ ಬಿಗಿಯುವುದೇ.
ಇನ್ನೊಂದು ಎಳೆತ, ಮತ್ತೊಂದು ಎಳೆತ,
ನಟ್ಟು ತಿರುಗಿಸುವವನ ಬುದ್ಧಿ.
ಬಿಗಿದಷ್ಟೂ ಸೋರಿತು.
ಬೆಳಿಗ್ಗೆ ಮೂಗಿನ ದಿಂಡಿನ ಮೇಲೆ ಕೆಂಪು ಗಾಯ,
ಕೆನ್ನೆಗಳುದ್ದಕ್ಕೂ ಪಟ್ಟಿಯ ಬರೆ.
ಅಂಗಡಿಗೆ ಬಂದ ಶಾಲೆಯ ಹುಡುಗಿ ಕೇಳಿದಳು,
"ತಾತ, ಯಾರು ನಿಮ್ಮನ್ನ ಪಾರ್ಸೆಲ್ ಮಾಡಿದ್ದು?"

ಆಸ್ಪತ್ರೆಯ ಐಲ್ಕೊ, ಮೊಮ್ಮಗನ ವಯಸ್ಸಿನವನು,
ನನ್ನನ್ನು ಮಲಗಿಸಿ, ಯಂತ್ರ ಓಡಿಸಿ,
ಪಟ್ಟಿಗಳನ್ನೆಲ್ಲ ಸಡಿಲ ಮಾಡಿದ.
"ನಿಂತು ತೊಟ್ಟರೆ ನಿಂತ ಮುಖಕ್ಕೆ ಮಾತ್ರ ಸರಿಹೋಗುತ್ತೆ.
ಮಲಗಿದಾಗ ಕೆನ್ನೆ ಬೇರೆ ಕಡೆ ಹೋಗಿರುತ್ತೆ.
ಸ್ವಲ್ಪ ಎತ್ತಿ ಬಿಡಿ, ಗಾಳಿ ತುಂಬಿ ಮೆತ್ತೆ ತಾನೇ ಕೂರುತ್ತೆ.
ದಿನಾ ತೊಳೀರಿ, ಮುಖದ ಜಿಡ್ಡಿಗೆ ಜಾರುತ್ತೆ ಅದು.
ಮತ್ತೆ ಆ ಮೀಸೆ..." ಎಂದು ನಿಲ್ಲಿಸಿದ.
ಮೀಸೆಯ ವಿಷಯ ಮುಂದಿನ ಸಲ, ಎಂದೆ.

ಅಂಗಡಿಯ ಹುಡುಗರಿಗೆ ನಾನು ಬೈದು ಕಲಿಸಿದ್ದೂ ಇದೇ:
ಮೊದಲು ಟ್ಯೂಬಿಗೆ ಒಂದಿಷ್ಟು ಗಾಳಿ, ಆಮೇಲೆ ಟೈರು.
ನನ್ನದೇ ಮಾತಿನ ಗುರುತು ಹಿಡಿಯಲು
ನನಗೆ ಐದು ವಾರ ಬೇಕಾಯಿತು.

ನವೆಂಬರಿನಲ್ಲಿ ಮೀಸೆ ಹೋಯಿತು.
ಫ್ರೌಕೆ ನನ್ನ ಮೇಲ್ದುಟಿಯನ್ನು ನೋಡಿಯೇ ನೋಡಿದಳು,
"ಇಷ್ಟು ವರ್ಷ ಇದನ್ನ ಎಲ್ಲಿಟ್ಟಿದ್ದೆ?"

ಮೂಗು ಹಿಡಿದರೆ ಬಾಯಿ ಬಿಡುತ್ತದೆ ಅನ್ನುತ್ತಾರೆ;
ನನ್ನದು, ಮೂಗಿಗೆ ಬಡಿಸಿದ್ದನ್ನು ಬಾಯಿ ಚೆಲ್ಲುತ್ತದೆ.
ಬೆಳಗಾಗುವ ಹೊತ್ತಿಗೆ ನಾಲಿಗೆ ಒಣರೊಟ್ಟಿ.
ಚಳಿಗೆ ಕೊಳವೆಯಲ್ಲಿ ನೀರು ಕೂತು
ಗುಳುಗುಳು ಗುಳುಗುಳು, ಆಮೇಲೆ ಮೂಗಿಗೊಂದು ಹನಿ.
ಅವಳು ಹಳೆಯ ಉಣ್ಣೆಯ ಕಾಲುಚೀಲಗಳ ತುದಿ ಕತ್ತರಿಸಿ
ಸಾಲಾಗಿ ಜೋಡಿಸಿ ಕೊಳವೆಗೊಂದು ಅಂಗಿ ಹೊಲಿದಳು.
ಒಂದು ನೀಲಿ, ಎರಡು ಹಸಿರು,
ಒಂದು, ನಿದ್ದೆಯಲ್ಲೇ ತೀರಿಹೋದ ಅವಳ ತಮ್ಮನದು.
ಅದರ ಬಗ್ಗೆ ಅವಳೇನೂ ಹೇಳಲಿಲ್ಲ.
ನಾನೂ ಕೇಳಲಿಲ್ಲ. ಅಂದಿನಿಂದ
ಮಾಸ್ಕನ್ನು ಕಿತ್ತು ಗೋಡೆಗೆ ಎಸೆಯುವುದು ಬಿಟ್ಟೆ.

ನಿನ್ನೆ ಸೀಟಿ ಇರಲಿಲ್ಲ.
ನಾಲ್ಕರ ಹೊತ್ತಿಗೆ ಎಚ್ಚರವಾದರೆ
ಅವಳ ಹೆಬ್ಬೆರಳು ನನ್ನ ಗಲ್ಲದಡಿ,
ಮಾಸ್ಕಿನ ಅಂಚಿಗೆ, ಸರಿಯಾಗಿ ಅಲ್ಲೇ.
"ಏನ್ ಮಾಡ್ತಿದ್ದೀ?"
"ಏನಿಲ್ಲ. ಸದ್ದೇ ಇರಲಿಲ್ಲ, ಅದಕ್ಕೆ ಎಚ್ಚರಾಯ್ತು.
ಬರ್ತಿದೆಯಾ ಅಂತ ನೋಡಿದೆ."
"ಬರ್ತಿದೆಯಾ?"
"ಚೂರು ಬರ್ತಿದೆ. ಇರಲಿ ಬಿಡು,"
ಎಂದು ಕತ್ತಿನವರೆಗೂ ಹೊದಿಕೆ ಎಳೆದುಕೊಂಡಳು.